ಶ್ರಾವಣದಲ್ಲಿ ಬಿಡುತ್ತಿದ್ದವನಿಗೆ ಈ ಬಾರಿ ಬಿಡಲಾಗಲಿಲ್ಲ. ಇದು ಚಟವೇ?

ಮೂಡಿಗೆರೆ ಬೆಳೆಗಾರ (ಪ್ರಶ್ನೆ)

ನನಗೆ 46 ವರ್ಷ. ಮೂಡಿಗೆರೆ ತಾಲ್ಲೂಕಿನಲ್ಲಿ ಹನ್ನೆರಡು ಎಕರೆ ಕಾಫಿ ತೋಟವಿದೆ, ನಡುವೆ ಮೆಣಸು ಹಬ್ಬಿಸಿದ್ದೇನೆ. ನಮ್ಮ ಕಡೆ ಬೀಗರೂಟಕ್ಕೆ ಹೋದ ಗಂಡಸು ಕುಡಿಯದೆ ಮನೆಗೆ ಬಂದರೆ ಮೈ ಹುಷಾರಿಲ್ಲವೇ ಎಂದು ಕೇಳುವವರಿದ್ದಾರೆ. ಹಾಗಾಗಿ ನಾನು ಕುಡಿಯಲು ಆರಂಭಿಸಿದ್ದು ಯಾವಾಗ ಎಂದು ನೆನಪಿಟ್ಟುಕೊಳ್ಳುವ ಸಂದರ್ಭವೇ ಬಂದಿರಲಿಲ್ಲ. ಬಹಳ ವರ್ಷ ವಾರಕ್ಕೊಮ್ಮೆ, ಕ್ಲಬ್ಬಿನಲ್ಲಿ, ಇಸ್ಪೀಟಿನ ಜೊತೆಗೆ ಎರಡು ಪೆಗ್ ಇದ್ದದ್ದು, ಕೊರೋನಾ ಕಾಲದಲ್ಲಿ ಕ್ಲಬ್ ಮುಚ್ಚಿದ ಮೇಲೆ ಮನೆಯ ಜಗಲಿಗೆ ಬಂತು. ಕ್ಲಬ್ ತೆರೆದ ಮೇಲೂ ಜಗಲಿಯಿಂದ ಎದ್ದು ಹೋಗಲಿಲ್ಲ. ಈಗ ಪ್ರತಿದಿನ ಸಂಜೆ ಏಳರಿಂದ ಹತ್ತರೊಳಗೆ ಮೂರು ತೊಂಬತ್ತು (ತಲಾ 90 ಮಿ.ಲೀ.) ಆಗುತ್ತದೆ, ಕೊಯ್ಲಿನ ದಿನಗಳಲ್ಲಿ ನಾಲ್ಕು. ಬೆಳಿಗ್ಗೆ ಎಂದೂ ಕುಡಿದವನಲ್ಲ. ಮನೆಯಲ್ಲಿ ಯಾರ ಮೇಲೂ ಕೈ ಎತ್ತಿಲ್ಲ, ಸಾಲ ಮಾಡಿ ಕುಡಿದಿಲ್ಲ, ತೋಟವನ್ನು ಹಾಳುಬಿಟ್ಟಿಲ್ಲ.

ನನಗಿದ್ದ ದೊಡ್ಡ ಧೈರ್ಯವೆಂದರೆ ಶ್ರಾವಣ. ಪ್ರತಿವರ್ಷ ಆ ಒಂದು ತಿಂಗಳು ಮಾಂಸವನ್ನೂ ಮದ್ಯವನ್ನೂ ಮುಟ್ಟುತ್ತಿರಲಿಲ್ಲ. ಬೇಕೆಂದಾಗ ಬಿಡಬಲ್ಲವನಿಗೆ ಚಟ ಎಲ್ಲಿಯದು ಎಂಬುದು ನನ್ನ ವಾದವಾಗಿತ್ತು, ಹೆಂಡತಿಯೂ ಅದನ್ನು ಒಪ್ಪಿದ್ದಳು. ಈ ವರ್ಷ ಭೀಮನ ಅಮಾವಾಸ್ಯೆಯ ರಾತ್ರಿ ಕೊನೆಯ ಲೋಟ ಮುಗಿಸಿ ಮಲಗಿದೆ. ಮರುದಿನ ಮಧ್ಯಾಹ್ನ ಬೆಳೆಸಾಲದ ನವೀಕರಣಕ್ಕೆ ಸಹಿ ಹಾಕಲು ಕುಳಿತಾಗ ಪೆನ್ನು ಕಾಗದದ ಮೇಲೆ ನಿಲ್ಲಲಿಲ್ಲ. ಗುಮಾಸ್ತರು ನನ್ನ ಹಳೆಯ ಸಹಿಯನ್ನು ಪಕ್ಕದಲ್ಲಿಟ್ಟು ನೋಡಿ, ಇನ್ನೊಮ್ಮೆ ಹಾಕಿ ಸಾರ್ ಎಂದರು. ಮೂರನೆಯ ಸಲ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದು ಸಹಿ ಹಾಕಿದೆ. ಆ ರಾತ್ರಿ ಚಳಿಯಲ್ಲೂ ಬನಿಯನ್ ಒದ್ದೆಯಾಗುವಷ್ಟು ಬೆವರು ಬಂತು, ಕಣ್ಣಿಗೆ ಕಣ್ಣು ಹತ್ತಲಿಲ್ಲ. ಎರಡು ಗಂಟೆಯ ಹೊತ್ತಿಗೆ ಕಣದಲ್ಲಿ ಇಬ್ಬರು ಮಾತಾಡುತ್ತಿರುವಂತೆ ಕೇಳಿಸಿ ಟಾರ್ಚ್ ಹಿಡಿದು ಹೊರಗೆ ಹೋಗಿ ಬಂದೆ. ಯಾರೂ ಇರಲಿಲ್ಲ, ನಾಯಿಯೂ ಬೊಗಳಿರಲಿಲ್ಲ. ಮರುದಿನ ಸಂಜೆ ಜ್ವರವೆಂದು ಹೇಳಿ ಹೆಂಡತಿಯ ಕಣ್ಣು ತಪ್ಪಿಸಿ ಒಂದು ತೊಂಬತ್ತು ಹಾಕಿದೆ. ಅರ್ಧ ಗಂಟೆಯಲ್ಲಿ ನಡುಕ, ಬೆವರು ಎಲ್ಲವೂ ನಿಂತವು. ನನಗೆ ಭಯವಾದದ್ದು ಆಗ.

ಕಳೆದ ವರ್ಷ ಮಾಡಿಸಿದ ಲಿವರ್ ಪರೀಕ್ಷೆ ಸರಿಯಾಗಿಯೇ ಇತ್ತು. ನನಗಿಂತ ಹೆಚ್ಚು ಕುಡಿಯುವ ಇಬ್ಬರು ಗೆಳೆಯರು ಚೆನ್ನಾಗಿಯೇ ಇದ್ದಾರೆ. ಇದು ವಯಸ್ಸಿನ ನಿಶ್ಶಕ್ತಿಯೇ, ಸಕ್ಕರೆ ಕಾಯಿಲೆಯ ಸೂಚನೆಯೇ, ಅಥವಾ ನಾನು ಹೆಸರಿಡಲು ಹೆದರುತ್ತಿರುವುದೇ? ಬರುವ ಸೋಮವಾರದಿಂದ ಮನಸ್ಸು ಗಟ್ಟಿ ಮಾಡಿಕೊಂಡು ಒಂದೇ ಸಲಕ್ಕೆ ನಿಲ್ಲಿಸಬೇಕೆಂದಿದ್ದೇನೆ.

ಹಾಸನದ ಮನೋವೈದ್ಯ

ನಿಮ್ಮ ಬರಹದಲ್ಲಿ ನಾನು ಎರಡು ಬಾರಿ ಓದಿದ್ದು ಸಹಿಯ ಸಂಗತಿಯನ್ನಲ್ಲ, ನಾಯಿ ಬೊಗಳದ ಸಂಗತಿಯನ್ನು. ಕುಡಿತ ನಿಲ್ಲಿಸಿ ಒಂದು ದಿನ ಕಳೆದ ಮೇಲೆ ಇಲ್ಲದ ಮಾತು ಕಿವಿಗೆ ಬೀಳುವುದು ನಿಶ್ಶಕ್ತಿಯಲ್ಲ. ಅದು ಮದ್ಯ ಹಿಂತೆಗೆತದ, ಅಂದರೆ ರೂಢಿಯ ಕುಡಿತ ನಿಂತಾಗ ದೇಹ ತೋರುವ ಪ್ರತಿಕ್ರಿಯೆಯ ಲಕ್ಷಣ, ಅದರಲ್ಲೂ ಹಗುರವಾದುದಲ್ಲ. ಆದ್ದರಿಂದ ಬೇರೆಲ್ಲಕ್ಕಿಂತ ಮೊದಲು ಹೇಳುತ್ತೇನೆ: ಸೋಮವಾರದ ಯೋಜನೆಯನ್ನು ಕೈಬಿಡಿ. ಮನೆಯಲ್ಲಿ ಒಬ್ಬರೇ, ಒಮ್ಮೆಗೇ ನಿಲ್ಲಿಸಬೇಡಿ. ವೈದ್ಯರನ್ನು ನೋಡಿ, ಅವರ ನಿಗಾದಲ್ಲಿ ನಿಲ್ಲಿಸಿ, ಮತ್ತು ಅದನ್ನು ನಾಳೆ ನಾಡಿದ್ದರಲ್ಲೇ ಮಾಡಿ.

ಕಾರಣ ಹೀಗಿದೆ. ಮದ್ಯವು ಮಿದುಳನ್ನು ಮಂದಗೊಳಿಸುವ ವಸ್ತು. ವರ್ಷಗಟ್ಟಲೆ ಪ್ರತಿ ಸಂಜೆ ಅದು ಬರುತ್ತದೆಂದು ತಿಳಿದ ಮಿದುಳು, ಅದಕ್ಕೆ ಎದುರಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡು ಸಮತೋಲ ಕಾಯ್ದುಕೊಳ್ಳುತ್ತದೆ. ಆಷಾಢದ ಗಾಳಿಗೆ ಕೊಡೆ ಒಡ್ಡಿ ಮುಂದಕ್ಕೆ ಬಾಗಿ ನಡೆಯುತ್ತಿರುವಾಗ ಗಾಳಿ ಥಟ್ಟನೆ ನಿಂತರೆ ನಾವು ಮುಗ್ಗರಿಸುತ್ತೇವಲ್ಲ, ಹಾಗೆಯೇ ಮದ್ಯ ನಿಂತಾಗ ಆ ಉದ್ರೇಕವೊಂದೇ ಉಳಿಯುತ್ತದೆ. ಕೊನೆಯ ಲೋಟದ 6ರಿಂದ 12 ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಮೊದಲ 48 ಗಂಟೆಗಳೊಳಗೆ ಅಪಸ್ಮಾರದಂಥ ಫಿಟ್ಸ್ ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರು ಹೊತ್ತು, ಜಾಗ, ಜನ ತಿಳಿಯದಷ್ಟು ಗೊಂದಲಕ್ಕೆ ಬೀಳುತ್ತಾರೆ. ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತೇವೆ, ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೆ ಎರವಾಗಬಹುದು. ನೀವು ಎರಡನೆಯ ಸಂಜೆ ಮತ್ತೆ ಕುಡಿದದ್ದು ಸೋಲು ಎಂದು ನಿಮಗನಿಸಿದೆ. ಆದರೆ ಆ ಹಾದಿಯಲ್ಲಿ ನೀವು ಎಷ್ಟು ದೂರ ಹೋಗುತ್ತಿದ್ದಿರೋ ಹೇಳಲಾಗುವುದಿಲ್ಲ. ಹೀಗೆ ಬಿಟ್ಟು ಹಿಡಿದು ಮಾಡಿದಷ್ಟೂ ಮುಂದಿನ ಹಿಂತೆಗೆತ ಹೆಚ್ಚು ತೀವ್ರವಾಗುವುದುಂಟು.

ಇನ್ನು ನಿಮ್ಮ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಆವೃತ್ತಿ ಅವಲಂಬನೆಗೆ (ನೀವು ಚಟವೆನ್ನುವುದಕ್ಕೆ) ಆರು ಲಕ್ಷಣಗಳನ್ನು ಹೇಳಿ, ಕಳೆದ ಒಂದು ವರ್ಷದಲ್ಲಿ ಅವುಗಳಲ್ಲಿ ಮೂರು ಒಟ್ಟಾಗಿ ಕಂಡರೆ ರೋಗನಿರ್ಣಯ ಮಾಡಬಹುದೆನ್ನುತ್ತದೆ. ಎರಡು ಪೆಗ್ಗಿನಲ್ಲಿ ಸಿಗುತ್ತಿದ್ದುದಕ್ಕೆ ಈಗ ಮೂರು ತೊಂಬತ್ತು ಬೇಕಾಗಿರುವುದು ಒಂದು. ನಿಲ್ಲಿಸಿದಾಗ ನಡುಗಿ, ಮತ್ತೆ ಕುಡಿದಾಗ ಸರಿಹೋದದ್ದು ಎರಡು. ಬಿಡಬೇಕೆಂದು ಹೊರಟರೂ ಬಿಡಲಾಗದೆ ಹೋದದ್ದು ಮೂರು. ಉಳಿದ ಮೂರಕ್ಕೆ ಉತ್ತರ ನಿಮ್ಮಲ್ಲೇ ಇದೆ: ಸಂಜೆ ಆರಕ್ಕೆ ಮನಸ್ಸು ಬೇರೆ ಯಾವುದರಲ್ಲೂ ನಿಲ್ಲುವುದಿಲ್ಲವೇ? ಏಳು ಗಂಟೆ ತಪ್ಪುತ್ತದೆಂದು ಯಾವ ಯಾವ ಕಾರ್ಯಕ್ರಮಗಳನ್ನು ಬಿಟ್ಟಿದ್ದೀರಿ? ಹಾನಿಯಾಗುತ್ತಿದೆಯೆಂದು ತಿಳಿದೂ ಮುಂದುವರಿಸಿದ್ದೀರಾ? ಬೆಳಿಗ್ಗೆ ಕುಡಿಯುವುದು, ಜಗಳ, ಸಾಲ ಇವ್ಯಾವುವೂ ಆ ಪಟ್ಟಿಯಲ್ಲಿ ಕಡ್ಡಾಯವಲ್ಲ. ಅವು ಕುಡುಕನೆಂದರೆ ಹೀಗಿರುತ್ತಾನೆಂದು ನಾವು ಕಟ್ಟಿಕೊಂಡಿರುವ ಚಿತ್ರದಲ್ಲಿವೆ, ಅಷ್ಟೇ.

ಅಳತೆಯ ಮಾತೂ ಬೇಕು. ನಮ್ಮಲ್ಲಿ ಸಿಗುವ ಶೇ. 42.8ರ ವಿಸ್ಕಿ ಅಥವಾ ಬ್ರಾಂದಿಯ 30 ಮಿ.ಲೀ.ನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಇದನ್ನೇ ಒಂದು ಯೂನಿಟ್ ಎಂದು ಎಣಿಸುತ್ತೇವೆ. ನಿಮ್ಮ ಮೂರು ತೊಂಬತ್ತು ಎಂದರೆ 9 ಯೂನಿಟ್. ದೇಹ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ಟನ್ನು ಮಾತ್ರ ಕರಗಿಸುತ್ತದೆ, ಆದ್ದರಿಂದ ನಾಲ್ಕು ಹಾಕಿದ ಮರುದಿನ ಬೆಳಿಗ್ಗೆ ಜೀಪು ಹತ್ತುವಾಗಲೂ ನಿಮ್ಮ ರಕ್ತದಲ್ಲಿ ಮದ್ಯ ಉಳಿದಿರಬಹುದು. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಲಿವರ್ ಪರೀಕ್ಷೆ ಸರಿಯಿರುವುದರಿಂದ ಲಿವರಿನ ಬಗ್ಗೆ ಸ್ವಲ್ಪ ಸಮಾಧಾನಪಡಬಹುದು. ಅವಲಂಬನೆ ಇರುವುದು ಮಿದುಳಿನಲ್ಲಿ, ಅದನ್ನು ಆ ಪರೀಕ್ಷೆ ತೋರಿಸುವುದಿಲ್ಲ.

ಆಸ್ಪತ್ರೆಯಲ್ಲಿ ನಡೆಯುವುದು ಭಯಪಡುವಂಥದ್ದೇನಲ್ಲ. ಕ್ಲೋರ್‌ಡಯಾಜಿಪಾಕ್ಸೈಡ್ ಅಥವಾ ಲೋರಜಿಪಾಮ್ ಗುಂಪಿನ ಮಾತ್ರೆಗಳನ್ನು ಕೊಟ್ಟು, ಸುಮಾರು ಒಂದು ವಾರದಲ್ಲಿ ಹಂತಹಂತವಾಗಿ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ. ನಮ್ಮ ಊರುಗಳಲ್ಲಿ ಸುಸ್ತೆಂದರೆ ಒಂದು ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಬರುವ ರೂಢಿಯಿದೆ. ಹೆಚ್ಚು ಕುಡಿಯುವವರಲ್ಲಿ ಬಿ1 ಕೊರತೆ ಸಾಮಾನ್ಯ, ಅದನ್ನು ತುಂಬದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಗಂಭೀರ ಹಾನಿಯಾಗಬಹುದು. ಯಾರ ಬಳಿ ಹೋದರೂ ಕುಡಿತದ ನಿಜವಾದ ಲೆಕ್ಕವನ್ನು ಮೊದಲೇ ಹೇಳಿಬಿಡಿ. ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ, ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಎರಡೂ ನಿಮಗೆ ಹತ್ತಿರ. ಮೊದಲು ಫೋನಿನಲ್ಲಿ ಮಾತನಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು. ಫಿಟ್ಸ್ ಬಂದರೆ, ಮಾತು ತಪ್ಪಿದರೆ, ಜನರ ಗುರುತು ಸಿಗದಂತಾದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಎಸ್ಟೇಟ್ ರೈಟರ್, ಸಕಲೇಶಪುರ

ಡಾಕ್ಟರು ಹೇಳಿದ ಮೇಲೆ ನಾನು ಸೇರಿಸಬೇಕಾದದ್ದು ಹೆಚ್ಚಿಲ್ಲ, ಆದರೆ ಶ್ರಾವಣದ ವಿಷಯದಲ್ಲಿ ನನ್ನದೂ ಒಂದು ಮಾತಿದೆ. ನಾನು ಒಂಬತ್ತು ವರ್ಷ ಅಯ್ಯಪ್ಪನ ಮಾಲೆ ಹಾಕಿದವನು. ಪ್ರತಿ ಸಲವೂ 41 ದಿನ ಒಂದು ಹನಿ ಮುಟ್ಟಲಿಲ್ಲ, ಪ್ರತಿ ಸಲವೂ ಮಾಲೆ ತೆಗೆದ ರಾತ್ರಿಯೇ ಶುರು. ಆ 41 ದಿನಗಳನ್ನು ಉಳಿದ 324 ದಿನಗಳಿಗೆ ಜಾಮೀನಾಗಿ ಇಟ್ಟುಕೊಂಡಿದ್ದೆ. ವ್ರತದಲ್ಲಿ ಬಿಟ್ಟದ್ದು ದೇವರ ಮೇಲಿನ ಭಯದಿಂದ. ಭಯ ಮುಗಿಯುವ ತಾರೀಕು ಕ್ಯಾಲೆಂಡರಿನಲ್ಲೇ ಇತ್ತು. ಬಿಡಲಾಗುತ್ತದೆಯೇ ಎಂದು ನಾನು ನನ್ನನ್ನು ಕೇಳಿಕೊಳ್ಳುತ್ತಿದ್ದೆ. ಒಂದು ತೊಂಬತ್ತಿಗೆ ನಿಲ್ಲಿಸಿ ಎದ್ದು ಹೋಗಲಾಗುತ್ತದೆಯೇ ಎಂದು ಕೇಳಿಕೊಂಡಿದ್ದರೆ ಉತ್ತರ ಬೇಗ ಸಿಗುತ್ತಿತ್ತು.

ಇನ್ನೊಂದು ಸಂಗತಿ. ಬಾಟಲಿಯನ್ನು ಪಂಪ್‌ಹೌಸಿನಲ್ಲಿ, ಮೋಟಾರಿನ ಹಿಂದೆ, ಗೋಣಿಚೀಲದ ಕೆಳಗೆ ಇಡುತ್ತಿದ್ದೆ. ಮನೆಯಲ್ಲಿ ಕುಡಿಯಬೇಡವೆಂದು ಯಾರೂ ಹೇಳಿರಲಿಲ್ಲ, ಬಾಟಲಿ ಬಹಿರಂಗವಾಗಿಯೇ ಇತ್ತು. ಹಾಗಿದ್ದರೆ ಬಚ್ಚಿಟ್ಟದ್ದು ಯಾರಿಂದ? ಲೆಕ್ಕದಿಂದ. ಮನೆಯ ಬಾಟಲಿ ಎಷ್ಟು ಇಳಿಯಿತೆಂಬುದು ಎಲ್ಲರಿಗೂ ಕಾಣುತ್ತಿತ್ತು, ಪಂಪ್‌ಹೌಸಿನದು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ನೀವು ಜ್ವರವೆಂದು ಹೇಳಿ ಹಾಕಿದ ಆ ಒಂದು ತೊಂಬತ್ತನ್ನು ಓದಿದಾಗ ನನಗೆ ಆ ಗೋಣಿಚೀಲ ನೆನಪಾಯಿತು.

ತೋಟದಲ್ಲಿ ನಾನು ಬಟವಾಡೆ ಬರೆಯುವವನು. 2007ರಲ್ಲಿ ಸಾರಾಯಿ ನಿಷೇಧವಾಗುವ ಮೊದಲು ಬಟವಾಡೆಯ ಸಂಜೆ ಕೂಲಿಯವರ ಲೈನ್ ಮನೆಗಳ ಮುಂದೆ ಪ್ಯಾಕೆಟ್ ಸಾರಾಯಿಯ ಪ್ಲಾಸ್ಟಿಕ್ ಬಿದ್ದಿರುತ್ತಿತ್ತು, ಈಗ ಅದೇ ಜಾಗದಲ್ಲಿ ತೊಂಬತ್ತರ ಟೆಟ್ರಾ ಪ್ಯಾಕ್ ಬಿದ್ದಿರುತ್ತದೆ. ಅವರನ್ನು ಕುಡುಕರೆಂದು ಹಾಜರಿ ಪುಸ್ತಕದ ಪಕ್ಕದಲ್ಲಿ ಗುರುತು ಹಾಕುತ್ತಿದ್ದ ನಾನೂ, ಬಂಗಲೆಯಲ್ಲಿ ಗಾಜಿನ ಲೋಟ ಹಿಡಿಯುವವರೂ ಮಾತ್ರ ಸೋಶಿಯಲ್ ಡ್ರಿಂಕರ್‌ಗಳು. ಆಪ್ತಸಮಾಲೋಚಕರು ನನಗೆ ಹತ್ತು ಪ್ರಶ್ನೆಗಳ ಆಡಿಟ್ ಎಂಬ ನಮೂನೆಯನ್ನು ಕೊಟ್ಟಿದ್ದರು. ವಿಶ್ವ ಆರೋಗ್ಯ ಸಂಸ್ಥೆಯದ್ದು, ಒಟ್ಟು 40 ಅಂಕ. 8 ಮುಟ್ಟಿದರೆ ಎಚ್ಚರವಹಿಸಬೇಕು, 20 ಮುಟ್ಟಿದರೆ ಅವಲಂಬನೆಯೇ ಇರಬಹುದೆಂದು ಪರೀಕ್ಷಿಸಬೇಕು. ನನಗೆ 27 ಬಂತು. ಪಿಯುಸಿಯಲ್ಲಿ ಗಣಿತಕ್ಕೆ ಬಂದದ್ದಕ್ಕಿಂತ ಹೆಚ್ಚು ಎಂದು ನಗಾಡಿದೆ, ಅವರು ನಗಲಿಲ್ಲ.

ಈಗ ನಾಲ್ಕು ವರ್ಷ ಎಂಟು ತಿಂಗಳಾಯಿತು. ನಡುವೆ ಎರಡು ಸಲ ಜಾರಿದ್ದೇನೆ, ಎರಡನ್ನೂ ಬಿಟ್ಟು ಎಣಿಸಿದ ಲೆಕ್ಕವಿದು.

ಕ್ಲಬ್ ಸದಸ್ಯ

ಎಲ್ಲರ ಮೇಲೂ ಗೌರವವಿಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಮಲೆನಾಡಿನ ಮಳೆ, ಚಳಿ, ತೋಟದ ಒಂಟಿತನ ಬಯಲುಸೀಮೆಯವರಿಗೆ ತಿಳಿಯುವಂಥದ್ದಲ್ಲ. ನಮ್ಮ ತಂದೆ ಪ್ರತಿ ಸಂಜೆ ಎರಡು ಪೆಗ್ ತೆಗೆದುಕೊಂಡು 84 ವರ್ಷ ಬಾಳಿದರು. ಮೂರು ತೊಂಬತ್ತಕ್ಕೆಲ್ಲ ರೋಗದ ಹೆಸರು ಅಂಟಿಸುತ್ತ ಹೋದರೆ ಮೂಡಿಗೆರೆ, ಸಕಲೇಶಪುರ ಎರಡನ್ನೂ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಪ್ರಶ್ನೆ ಕೇಳಿದವರು ಬ್ರ್ಯಾಂಡ್ ಬದಲಿಸಿ, ಹೊಟ್ಟೆ ತುಂಬ ಊಟ ಮಾಡಿ, ಎರಡಕ್ಕೆ ಇಳಿಸಿಕೊಂಡರೆ ಸಾಕೆಂದು ನನ್ನ ಅನಿಸಿಕೆ.

ಹಾಸನದ ಮನೋವೈದ್ಯ

ನಿಮ್ಮ ತಂದೆಯವರು 84 ವರ್ಷವೂ ಎರಡಕ್ಕೇ ನಿಂತಿದ್ದರೆಂದರೆ, ಅವರಿಗೆ ಅವಲಂಬನೆ ಇರಲಿಲ್ಲವೆಂದೇ ಕಾಣುತ್ತದೆ. ಕುಡಿಯುವವರೆಲ್ಲರೂ ರೋಗಿಗಳೆಂದು ನಾನೂ ಹೇಳಲಾರೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ 10ರಿಂದ 75 ವರ್ಷದೊಳಗಿನವರ ಪೈಕಿ ಶೇ. 14.6ರಷ್ಟು ಜನ ಮದ್ಯ ಬಳಸುವವರೆಂದು ಕಂಡುಬಂದರೆ, ಅವಲಂಬನೆಗೆ ಬಿದ್ದವರು ಶೇ. 2.7. ಆದರೆ ಹಾಗೆ ಬಿದ್ದವರಲ್ಲಿ 38 ಜನರಿಗೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದರು. ಉಳಿದ 37 ಜನರಿಗೆ ಬಹುಶಃ ಯಾರೋ ಒಬ್ಬರು ಬ್ರ್ಯಾಂಡ್ ಬದಲಿಸಲು ಹೇಳಿರುತ್ತಾರೆ.

ಮಳೆ ಚಳಿಯ ಬಗ್ಗೆ ಒಂದು ಮಾತು: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ಅನಿಸುತ್ತದೆ, ನಿಜದಲ್ಲಿ ದೇಹ ಶಾಖ ಕಳೆದುಕೊಳ್ಳುತ್ತಿರುತ್ತದೆ. ಹೊಟ್ಟೆ ತುಂಬ ಊಟದ ಸಲಹೆಯನ್ನು ಮಾತ್ರ ನಾನೂ ಒಪ್ಪುತ್ತೇನೆ.

ಬೇಲೂರಿನ ಶಿಕ್ಷಕಿ

ಇಲ್ಲಿಯವರೆಗೆ ಕುಡಿಯುವವರೂ ಬಿಟ್ಟವರೂ ಮಾತನಾಡಿದ್ದಾರೆ. ಪಕ್ಕದಲ್ಲಿ ಬದುಕುವವಳಾಗಿ ನಾನು ಬರೆಯುತ್ತಿದ್ದೇನೆ. ನನ್ನ ಗಂಡ ದಿನಕ್ಕೆ ಎರಡೇ ಪೆಗ್ ಎಂದು ಹೇಳುತ್ತಿದ್ದರು, ಸುಳ್ಳು ಹೇಳುವ ಉದ್ದೇಶ ಅವರಿಗೆ ಇರಲೂ ಇಲ್ಲ. ಒಂದು ದಿನ ಅವರ ಸ್ಟೀಲ್ ಲೋಟದಲ್ಲಿ ಅವರು ಸುರಿದುಕೊಳ್ಳುವ ಗೀರಿನವರೆಗೆ ನೀರು ತುಂಬಿ, ಮಗುವಿನ ಕೆಮ್ಮಿನ ಔಷಧಿಯ ಅಳತೆ ಮುಚ್ಚಳದಿಂದ ಒಂದೊಂದಾಗಿ ಎಣಿಸಿ ಚೆಲ್ಲಿದೆ. ಒಂದು ಪೆಗ್ ಎಂಬುದು 110 ಮಿ.ಲೀ. ಇತ್ತು. ಮುಚ್ಚಳ ಹಿಡಿದ ನನ್ನ ಕೈಯೂ ಸ್ವಲ್ಪ ನಡುಗಿತ್ತೆಂದು ನೆನಪು.

ಆದರೆ ನನಗೆ ಮೊದಲು ತಿಳಿದದ್ದು ಅಳತೆಯಿಂದಲ್ಲ. ಸಂಜೆ ಆರರಿಂದ ಏಳರವರೆಗೆ ಮಕ್ಕಳು ಅವರ ಹತ್ತಿರ ಹೋಗುವುದನ್ನು ಬಿಟ್ಟಿದ್ದರು, ಏಳೂವರೆಯ ನಂತರ ತಾವಾಗಿಯೇ ಹೋಗಿ ಲೆಕ್ಕ ಕೇಳುತ್ತಿದ್ದರು. ಕುಡಿದ ಮೇಲೆ ಸಿಡುಕುವ ಗಂಡಸರ ಬಗ್ಗೆ ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಕುಡಿಯುವ ಮೊದಲು ಸಿಡುಕು, ಕುಡಿದ ಮೇಲೆ ಸಮಾಧಾನ. ಹೀಗಾಗಿ ನಾನೇ ಏಳು ಗಂಟೆಗೆ ನೀರು, ಹುರಿದ ಕಡಲೆಬೀಜ ತಂದಿಡುತ್ತಿದ್ದೆ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಯಾರೋ ಹೇಳಿದರೆಂದು, ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆ ತಂದು, ಅವರಿಗೆ ತಿಳಿಯದಂತೆ ಪುಡಿಮಾಡಿ ಸಾರಿನಲ್ಲಿ ಹಾಕಿದೆ. ಮರುದಿನ ಸಂಜೆ ಅರ್ಧ ಲೋಟ ಕುಡಿಯುವಷ್ಟರಲ್ಲಿ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಅಲ್ಲಿಯೇ ಕುಸಿದರು. ಆಸ್ಪತ್ರೆಯಲ್ಲಿ ಏನು ತಿಂದಿದ್ದರು ಎಂದು ಕೇಳಿದಾಗ ಉತ್ತರಿಸಲು ನನಗೆ ಹತ್ತು ನಿಮಿಷ ಬೇಕಾಯಿತು. ಅವರು ಉಳಿದರು. ನಾನು ಬಡಿಸಿದ ಅನ್ನವನ್ನು ನಂಬಿ ಉಣ್ಣಲು ಅವರಿಗೆ ಒಂದು ವರ್ಷ ಹಿಡಿಯಿತು.

ಹಾಸನದ ಮನೋವೈದ್ಯ

ಇದನ್ನು ಬರೆದದ್ದಕ್ಕೆ ನಿಮಗೆ ಕೃತಜ್ಞತೆ ಹೇಳಬೇಕು, ಏಕೆಂದರೆ ವರ್ಷಕ್ಕೆ ಕೆಲವರಾದರೂ ಇದೇ ಉಪಾಯವನ್ನು ನನ್ನ ಬಳಿ ಕೇಳುತ್ತಾರೆ. ಡೈಸಲ್ಫಿರಾಮ್ ಕೆಟ್ಟ ಔಷಧಿಯಲ್ಲ. ತಾನು ಅದನ್ನು ನುಂಗುತ್ತಿದ್ದೇನೆ, ಕುಡಿದರೆ ಏನಾಗುತ್ತದೆ ಎಂಬ ಅರಿವೇ ಅದರ ಅರ್ಧ ಶಕ್ತಿ. ತಿಳಿಯದವನಿಗೆ ಕೊಟ್ಟರೆ ಅದು ವಿಷವಿಟ್ಟಂತೆ. ಹಂಬಲವನ್ನು ತಗ್ಗಿಸುವ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಬೇರೆ ಔಷಧಿಗಳಿವೆ, ಅವು ಕುಡಿದರೆ ಹೀಗೆ ಕೆಡವುವುದಿಲ್ಲ. ಯಾರಿಗೆ ಯಾವುದು ಎಂಬುದನ್ನು ಲಿವರ್ ಮತ್ತು ಮೂತ್ರಪಿಂಡಗಳ ಸ್ಥಿತಿ ನೋಡಿ ತೀರ್ಮಾನಿಸಬೇಕು.

ಮೂಡಿಗೆರೆ ಬೆಳೆಗಾರ

ಪ್ರಶ್ನೆ ಕೇಳಿ ಐದು ವಾರಗಳಾದವು. ಸೋಮವಾರಕ್ಕೆ ಕಾಯದೆ ಶುಕ್ರವಾರವೇ ಹೋದೆ. ಎಲ್ಲಿಗೆಂದು ಬರೆಯುವುದಿಲ್ಲ, ನಮ್ಮ ಜಿಲ್ಲೆ ಚಿಕ್ಕದು. ಏಳು ದಿನ ಒಳಗಿದ್ದೆ. ಎರಡನೆಯ ರಾತ್ರಿ ಗೋಡೆಯ ಮೇಲೆ ಇರುವೆಯ ಸಾಲು ಹರಿಯುತ್ತಿದೆ ಎಂದು ಹೆಂಡತಿಗೆ ತೋರಿಸಿದೆನಂತೆ, ನನಗೆ ನೆನಪಿಲ್ಲ. ಮನೆಯಲ್ಲಿದ್ದಿದ್ದರೆ ಸೀಮೆಎಣ್ಣೆ ತಂದು ಸುರಿಯುತ್ತಿದ್ದೆನೋ ಏನೋ. ಅಕಾಂಪ್ರೊಸೇಟ್ ಕೊಟ್ಟಿದ್ದಾರೆ, ದಿನಕ್ಕೆ ಮೂರು ಹೊತ್ತು. ನಿದ್ದೆ ಇನ್ನೂ ಸರಿಹೋಗಿಲ್ಲ. ಸಂಜೆ ಏಳಕ್ಕೆ ಜಗಲಿಯಲ್ಲಿ ಕೂರಲಾಗುವುದಿಲ್ಲವೆಂದು ಮಗಳ ಜೊತೆ ಮೆಣಸಿನ ಬಳ್ಳಿ ಕಟ್ಟುವ ದಾರ ಸುತ್ತುತ್ತ ಒಳಗೆ ಕೂರುತ್ತೇನೆ. ಡಾಕ್ಟರು ಕೇಳಿದ ಉಳಿದ ಮೂರು ಪ್ರಶ್ನೆಗಳಿಗೂ ಉತ್ತರ ಹೌದೆಂದೇ ಆಯಿತು. ಮಗಳ ಶಾಲೆಯ ವಾರ್ಷಿಕೋತ್ಸವ ರಾತ್ರಿ ಇರುತ್ತದೆಂದು ಮೂರು ವರ್ಷ ಹೋಗಿರಲಿಲ್ಲ. ಕೊಯ್ಲಿನ ಕೆಲಸವೆಂದು ಹೇಳಿದ್ದೆ, ನಾನೂ ಹಾಗೆಂದೇ ನಂಬಿದ್ದೆ.

ಈಗೊಂದು ಸಣ್ಣ ಪ್ರಶ್ನೆ. ಕಾರ್ತಿಕದಲ್ಲಿ ಚಿಕ್ಕಪ್ಪನ ಮಗನ ಮದುವೆ, ಮರುದಿನ ಬೀಗರೂಟ. ತೋಟದ ಹಿಂದುಗಡೆ ಜೀಪಿನ ಡಿಕ್ಕಿ ತೆರೆದುಕೊಂಡಿರುವುದು ಖಚಿತ, ನನ್ನನ್ನು ಕರೆಯುವುದೂ ಖಚಿತ. ಹೋಗದೆ ಇರಲಾಗುವುದಿಲ್ಲ. ಏನು ಮಾಡಲಿ?

ಎಸ್ಟೇಟ್ ರೈಟರ್, ಸಕಲೇಶಪುರ

ಮೊದಲ ವರ್ಷ ನಾನು ಯಾವ ಬೀಗರೂಟಕ್ಕೂ ಹೋಗಲಿಲ್ಲ, ಹೋಗದಿರಲಾಗುವುದಿಲ್ಲ ಎಂದು ಅಂದುಕೊಂಡವುಗಳಿಗೂ ಹೋಗಲಿಲ್ಲ. ಮದುವೆಯ ದಿನವೇ ಹೋಗಿ ಅಕ್ಷತೆ ಹಾಕಿ ಬಂದುಬಿಡಿ, ಅಲ್ಲಿ ಸಿಹಿಯೂಟವಷ್ಟೇ ಇರುತ್ತದೆ. ಬೀಗರೂಟಕ್ಕೆ ಹೋಗಲೇಬೇಕೆಂದಾದರೆ ಹೆಂಡತಿಯನ್ನು ಕರೆದುಕೊಂಡು, ನಿಮ್ಮದೇ ಗಾಡಿಯಲ್ಲಿ ಹೋಗಿ. ಮೊದಲ ಪಂಕ್ತಿಗೇ ಕುಳಿತುಬಿಡಿ. ಯಾರಾದರೂ ಕೇಳಿದರೆ ಮಾತ್ರೆ ನಡೆಯುತ್ತಿದೆ, ಡಾಕ್ಟರು ಬೇಡವೆಂದಿದ್ದಾರೆ ಎನ್ನಿ. ಯಾವ ಮಾತ್ರೆ ಎಂದು ಮುಂದೆ ಕೇಳಿದವರು ನನ್ನ ಅನುಭವದಲ್ಲಿ ಇಬ್ಬರೇ, ಅವರಲ್ಲಿ ಒಬ್ಬರು ಮರುವಾರ ನನ್ನ ಮನೆಗೆ ಬಂದು ಆ ಡಾಕ್ಟರ ಫೋನ್ ನಂಬರ್ ಬರೆದುಕೊಂಡು ಹೋದರು.